ಭಾನುವಾರದ ಸೈಕಲ್ ರೈಡ್‌ನಲ್ಲಿ ಒಬ್ಬರು ಹಿಂದೆ ಉಳಿದರೆ ನಿಮ್ಮ ಗುಂಪಿನಲ್ಲಿ ಏನು ಮಾಡ್ತೀರಿ?

ಚಾಮುಂಡಿಪಾದ (ಮೈಸೂರು), ಸೋಮವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ. ನಿಜವಾಗಿಯೂ ಸಲಹೆ ಬೇಕಾಗಿದೆ.

ನಾವು ಆರು ಜನ. ಎಲ್ಲರೂ ಮೈಸೂರಿನವರು, ಯಾರೂ ರೇಸ್ ಓಡಿಸಿದವರಲ್ಲ. ಒಬ್ಬ ಬ್ಯಾಂಕಿನಲ್ಲಿದ್ದಾನೆ, ಇಬ್ಬರು ಸಾಫ್ಟ್‌ವೇರ್, ಒಬ್ಬ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ, ನಾನು ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಆರನೆಯವರು ಹೈಸ್ಕೂಲಿನ ಗಣಿತದ ಮೇಷ್ಟ್ರು, ವಯಸ್ಸು 56. ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಸೇರುತ್ತಿದ್ದೇವೆ. ಒಂದು ವಾರ ನಂಜನಗೂಡು, ಒಂದು ವಾರ ಕೆಆರ್‌ಎಸ್, ಮನೆಯಲ್ಲಿ ಬಿಟ್ಟರೆ ಸೋಮನಾಥಪುರ. ಬೇಗ ವಾಪಸ್ ಬರಬೇಕಾದ ವಾರ ಚಾಮುಂಡಿ ಬೆಟ್ಟ ಹತ್ತಿ ಇಳಿದು ಇಡ್ಲಿ ತಿಂದು ಮನೆಗೆ.

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಮೇಲುಕೋಟೆಗೆ ಹೊರಟೆವು. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಆಮೇಲೆ ಬೆಟ್ಟ. ಹೋಗುವುದಕ್ಕೇ ಐವತ್ತು ಕಿಲೋಮೀಟರ್ ಆಗುತ್ತದೆ. ನಮಗೆ ಅದು ದೊಡ್ಡ ದಾರಿ. ಪಾಂಡವಪುರದವರೆಗೂ ಒಟ್ಟಿಗೇ ಇದ್ದೆವು. ಅಷ್ಟೊತ್ತಿಗೆ ಮಂಜು ಸರಿದು ಕಬ್ಬಿನ ಗದ್ದೆ ಮೇಲೆ ಬಿಸಿಲು ಬಿತ್ತು. ರಸ್ತೆ ಖಾಲಿ ಇತ್ತು, ಕಾಲಿಗೆ ಹುಮ್ಮಸ್ಸು ಬಂತು. ಒಬ್ಬ ಜೋರು ಮಾಡಿದ, ಅವನ ಹಿಂದೆ ಇನ್ನೊಬ್ಬ, ಅವರ ಹಿಂದೆ ನಾನು. ಮೇಷ್ಟ್ರು ಬರ್ತಾರೆ ಬಿಡು ಅಂದುಕೊಂಡೆವು.

ಮೇಲುಕೋಟೆ ತಲುಪಿ ಕಲ್ಯಾಣಿ ಮೆಟ್ಟಿಲ ಮೇಲೆ ಕೂತೆವು. ಪುಳಿಯೋಗರೆ ತಿಂದೆವು, ಫೋಟೋ ತೆಗೆದೆವು, ಗ್ರೂಪಿಗೆ ಹಾಕಿದೆವು. ಹತ್ತು ನಿಮಿಷ ಅಂತ ಕೂತಿದ್ದು ನಲವತ್ತು ನಿಮಿಷ ಆಯ್ತು. ಫೋನ್ ಮಾಡಿದರೆ ಮೇಷ್ಟ್ರು ಸಿಗಲಿಲ್ಲ.

ಅವರಿಗೆ ಪಾಂಡವಪುರ ದಾಟಿ ಸ್ವಲ್ಪ ದೂರದಲ್ಲೇ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಒಂದು ಸ್ಪೇರ್ ಟ್ಯೂಬ್ ಇತ್ತು. ಬದಲಾಯಿಸಿದರು. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಅದೂ ಇಳಿಯಿತು. ಜಾಲಿಮುಳ್ಳು ಟೈರಿನ ಒಳಗೇ ಮುರಿದು ಕೂತಿತ್ತು, ಅವರು ನೋಡಿರಲಿಲ್ಲ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಯಲು ವಾಲ್ವ್ ಹೊಂದಲಿಲ್ಲ. ಒಂದೂವರೆ ಗಂಟೆ ಅರಳಿಕಟ್ಟೆ ಮೇಲೆ ಕೂತು, ಕೊನೆಗೆ ಒಂದು ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಮೈಸೂರಿಗೆ ಹೋದರಂತೆ. ನಮಗೆ ಗೊತ್ತಾಗಿದ್ದು ಅವರ ಮನೆಯವರಿಂದ.

ನಿನ್ನೆ ಭಾನುವಾರ ಅವರು ಬರಲಿಲ್ಲ. ಮೆಸೇಜಿಗೆ "ಮೈ ಹುಷಾರಿಲ್ಲ" ಅಂತ ಬಂತು. ನಮಗೆ ಬೇಜಾರಾಗಿದೆ. ನಿಮ್ಮ ಗುಂಪುಗಳಲ್ಲಿ ವೇಗದವರು, ನಿಧಾನದವರು ಒಟ್ಟಿಗೆ ಹೇಗೆ ಹೋಗ್ತೀರಿ?

ಹೆಬ್ಬಾಳ_ಐದುಗಂಟೆ (ಬೆಂಗಳೂರು), ಸೋಮವಾರ ರಾತ್ರಿ 10:05

ಅಣ್ಣ, ಇದು ನಮಗೂ ಆಗಿತ್ತು. ಎಲ್ಲರೂ ಕೊನೆಯಲ್ಲಿ ಇರುವವರು ಹೇಗೋ ಬರ್ತಾರೆ ಅಂದುಕೊಳ್ಳುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ.

ನಾವು ಹನ್ನೆರಡು ಜನ ತಿಂಗಳಿಗೆ ಎರಡು ಸಲ ನಂದಿ ಬೆಟ್ಟಕ್ಕೆ ಹೋಗ್ತೀವಿ. ಊರಿನಿಂದ ಸುಮಾರು 60 ಕಿ.ಮೀ., ಕೊನೆಯ ಏಳೆಂಟು ಕಿಲೋಮೀಟರ್ ಏರು, ಮೇಲೆ 1478 ಮೀಟರ್ ಎತ್ತರ. ಹೊರಡುವ ಮುಂಚೆಯೇ ಇಬ್ಬರಿಗೆ ಕೆಲಸ ಹಂಚುತ್ತೇವೆ. ಒಬ್ಬರು ಮುಂದೆ, ದಾರಿ ಮತ್ತು ವೇಗ ಅವರದು. ಇನ್ನೊಬ್ಬರು ಕಟ್ಟಕಡೆಯಲ್ಲಿ. ಅವರಿಗೆ ನಾವು ಬಾಲ ಅಂತೀವಿ. ಬಾಲದವರ ಮುಂದೆ ಯಾರಿದ್ದರೂ ಅವರು ಗುಂಪಿನಲ್ಲಿದ್ದಾರೆ ಅಂತ ಲೆಕ್ಕ. ಬಾಲದವರು ಯಾರನ್ನೂ ದಾಟಿ ಹೋಗುವಂತಿಲ್ಲ. ಅವರು ಗಟ್ಟಿ ಸವಾರರಾಗಿರಬೇಕು, ಪಂಕ್ಚರ್ ಹಾಕಲು ಬರಬೇಕು. ಕೆಲಸ ಪ್ರತಿ ವಾರ ಬದಲಾಗಬೇಕು, ಇಲ್ಲದಿದ್ದರೆ ಒಬ್ಬರೇ ಸೋತುಹೋಗುತ್ತಾರೆ.

ಇನ್ನೊಂದು ಮಾತು, ಏರಿನಲ್ಲಿ ಯಾರನ್ನೂ ಕಾಯಿಸಬೇಡಿ. ಬೆಟ್ಟ ಹತ್ತುವಾಗ ಪ್ರತಿಯೊಬ್ಬರಿಗೂ ಅವರವರ ಉಸಿರು. ನಿಧಾನದವರಿಗೂ ಪಕ್ಕದಲ್ಲಿ ಯಾರೋ ಕಾಯುತ್ತಾ ಬಂದರೆ ಕಿರಿಕಿರಿ. ಬೆಟ್ಟದ ಬುಡದಲ್ಲಿ ಎಲ್ಲರೂ ಸೇರುವುದು, ತುದಿಯಲ್ಲಿ ಎಲ್ಲರೂ ಸೇರುವುದು. ಬಾಲದವರು ಮಾತ್ರ ಕೊನೆಯವರ ಜೊತೆ ಹತ್ತುತ್ತಾರೆ.

ಸಮತಟ್ಟಿನಲ್ಲಿ ಹದಿನೈದು ಕಿ.ಮೀ.ಗೊಮ್ಮೆ ನಿಲ್ಲುತ್ತೇವೆ. ಜಾಗ ಮೊದಲೇ ಗೊತ್ತು ಮಾಡಿರುತ್ತೇವೆ, ಇಂಥ ಪೆಟ್ರೋಲ್ ಬಂಕ್, ಇಂಥ ಟೀ ಅಂಗಡಿ ಅಂತ. ಕೊನೆಯವರು ಬಂದ ತಕ್ಷಣ ಮುಂದಿನವರು ಹೊರಡಬಾರದು. ಇದನ್ನು ತುಂಬಾ ಜನ ಮರೀತಾರೆ. ನೀವು ಐದು ನಿಮಿಷ ಕೂತು ಸುಧಾರಿಸಿಕೊಂಡಿರುತ್ತೀರಿ. ಅವರು ಏದುಸಿರು ಬಿಡುತ್ತಾ ಬಂದಿರುತ್ತಾರೆ. ಅವರು ನೀರು ಕುಡಿದು "ಹೋಗೋಣ" ಅಂದಮೇಲೇ ಹೊರಡಬೇಕು.

ನೂರುಕಿಮೀ (ಮೈಸೂರು), ಮಂಗಳವಾರ ಬೆಳಿಗ್ಗೆ 6:50

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ತಪ್ಪು ತಿಳಿಯಬೇಡಿ.

ನನಗೆ ವಾರಕ್ಕೆ ಸಿಗುವುದು ಭಾನುವಾರದ ನಾಲ್ಕು ಗಂಟೆ ಮಾತ್ರ. ಮಗು ಚಿಕ್ಕದು, ಹತ್ತು ಗಂಟೆಗೆ ಮನೆಯಲ್ಲಿರಬೇಕು. ಈ ವರ್ಷ 200 ಕಿ.ಮೀ. ಬ್ರೆವೆ ಮುಗಿಸಬೇಕು ಅಂತ ಆಸೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ರೆವೆ ಅಂದರೆ ದೂರದ ಸೈಕಲ್ ಸವಾರಿ. ರೇಸ್ ಅಲ್ಲ, ಆದರೆ ಸಮಯದ ಮಿತಿ ಇದೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದರೆ ಸೂಪರ್ ರಾಂಡನ್ಯೂರ್ ಅಂತ ಕರೀತಾರೆ. ಊಟ, ಪಂಕ್ಚರ್, ನಿದ್ದೆ ಎಲ್ಲ ಆ ಸಮಯದೊಳಗೇ. ಅಷ್ಟು ಹೊತ್ತು ತುಳಿಯಲು ವಾರಕ್ಕೊಮ್ಮೆಯಾದರೂ ಬೆವರು ಕಿತ್ತುಬರುವ ಹಾಗೆ ತುಳಿಯಬೇಕು.

ಪ್ರತಿ ಹದಿನೈದು ಕಿ.ಮೀ.ಗೂ ನಿಂತರೆ ನನ್ನ ತಯಾರಿ ಆಗುವುದಿಲ್ಲ. ಹಾಗಂತ ಹೇಳಿದರೆ ಸ್ವಾರ್ಥಿ ಅಂತಾರೆ. ಹೀಗಾಗಿ ನಾನು ಗುಂಪು ಬಿಟ್ಟು ಒಬ್ಬನೇ ಹೋಗಲು ಶುರು ಮಾಡಿದೆ. ಒಬ್ಬನೇ ಹೋಗುವುದೂ ಖುಷಿ ಇಲ್ಲ. ವೇಗದವರ ಕಷ್ಟವನ್ನೂ ಯಾರಾದರೂ ಕೇಳಬೇಕು ಅಂತ ಬರೆದೆ.

ಚಾಮುಂಡಿಪಾದ, ಮಂಗಳವಾರ ಬೆಳಿಗ್ಗೆ 8:10

@ನೂರುಕಿಮೀ, ನೀವು ಹೇಳಿದ್ದು ಸರಿ. ನಮ್ಮ ಗುಂಪಿನಲ್ಲೂ ನಿಮ್ಮ ಹಾಗೆ ಇಬ್ಬರಿದ್ದಾರೆ. ಅವರನ್ನು ಕಟ್ಟಿ ಹಾಕಲು ನನಗೂ ಇಷ್ಟವಿಲ್ಲ. ಆದರೆ ಮೇಲುಕೋಟೆಗೆ ಹೊರಟಾಗ "ಎಲ್ಲರೂ ಒಟ್ಟಿಗೆ" ಅಂತ ಹೇಳಿ ಹೊರಟಿದ್ದೆವು. ಮೇಷ್ಟ್ರು ಅದನ್ನು ನಂಬಿ ಒಂದೇ ಟ್ಯೂಬ್ ಇಟ್ಟುಕೊಂಡು ಬಂದರು. ಒಬ್ಬರೇ ಹೋಗುವುದಿದ್ದರೆ ಅವರು ಎರಡು ಇಟ್ಟುಕೊಳ್ಳುತ್ತಾರೆ, ನಾನು ನೋಡಿದ್ದೇನೆ.

ತ್ರಿಣ್‌ತ್ರಿಣ್_ಅಕ್ಕ (ಮೈಸೂರು), ಮಂಗಳವಾರ ಮಧ್ಯಾಹ್ನ 1:30

ಈ ಕೊನೆಯ ಮಾತು ಮುಖ್ಯ. "ಎಲ್ಲರೂ ಒಟ್ಟಿಗೆ" ಅಂತ ಹೇಳಿ ಹೊರಟರೆ ಒಟ್ಟಿಗೇ ಹೋಗಬೇಕು. "ಇವತ್ತು ಜೋರು" ಅಂತ ಹೊರಟರೆ ಜೋರು. ಹಿಂದಿನ ರಾತ್ರಿಯೇ ಹೇಳಿಬಿಟ್ಟರೆ ಯಾರಿಗೂ ನೋವಿಲ್ಲ. ಬರುವವರು ಬರ್ತಾರೆ, ಬೇಡದವರು ಮಲಗ್ತಾರೆ.

ನಾನು ಸೈಕಲ್ ಶುರು ಮಾಡಿದ್ದು 2017ರಲ್ಲಿ, ನಮ್ಮೂರಿಗೆ ತ್ರಿಣ್ ತ್ರಿಣ್ ಬಾಡಿಗೆ ಸೈಕಲ್ ಬಂದ ವರ್ಷ. ಕಾಲೇಜು ಬಿಟ್ಟ ಮೇಲೆ ಮುಟ್ಟಿರಲಿಲ್ಲ. ಎರಡು ವರ್ಷ ಆದಮೇಲೆ ರೋಡ್ ಸೈಕಲ್ ತಗೊಂಡೆ, ಒಂದು ಗುಂಪು ಸೇರಿದೆ. ಎಂಟು ಜನರಲ್ಲಿ ನಾನೊಬ್ಬಳೇ ಹೆಂಗಸು. ನಾಲ್ಕನೇ ವಾರ ನನ್ನನ್ನು ಬಿಟ್ಟು ಹೋದರು. ಬೆಳಿಗ್ಗೆ ಆರೂಕಾಲು, ಇನ್ನೂ ಪೂರ್ತಿ ಬೆಳಕಾಗಿಲ್ಲ, ಒಂದು ಬೈಕು ನನ್ನ ಪಕ್ಕದಲ್ಲೇ ನಿಧಾನಕ್ಕೆ ಬರಲು ಶುರುವಾಯಿತು. ಅರ್ಧ ಕಿಲೋಮೀಟರ್ ಹಾಗೇ ಬಂತು. ಏನೂ ಆಗಲಿಲ್ಲ, ಒಂದು ಊರು ಬಂತು, ಅವರು ಹೋದರು. ಅಷ್ಟು ಹೊತ್ತೂ ನನ್ನ ಕೈ ಬ್ರೇಕ್ ಮೇಲೆ ಎಷ್ಟು ಬಿಗಿಯಾಗಿತ್ತು ಅಂದರೆ ಮಾರನೇ ದಿನ ಬೆರಳು ನೋಯುತ್ತಿತ್ತು. ಆ ಗುಂಪಿಗೆ ಮತ್ತೆ ಹೋಗಲಿಲ್ಲ. ಯಾಕೆ ಅಂತ ಅವರಿಗೆ ಹೇಳಲೂ ಇಲ್ಲ.

ಮೇಷ್ಟ್ರು "ಮೈ ಹುಷಾರಿಲ್ಲ" ಅಂದಿದ್ದನ್ನು ಓದಿದಾಗ ಇದು ನೆನಪಾಯ್ತು. ನಾನೂ ಅದೇ ಕಾರಣ ಕೊಟ್ಟಿದ್ದೆ. ಅವರ ಮನೆಗೆ ಹೋಗಿ ಸರ್. ಮೆಸೇಜ್ ಸಾಲದು.

ಈಗ ನಾವು ಐದು ಜನ ಹೆಂಗಸರು ಸೇರಿ ಹೋಗ್ತೀವಿ. ನಿಲ್ಲುವ ಜಾಗ ಶೌಚಾಲಯ ಇರುವ ಪೆಟ್ರೋಲ್ ಬಂಕೇ ಆಗಿರುತ್ತದೆ. ಹೆಂಗಸರು ಬರುವ ಗುಂಪಿನಲ್ಲಿ ಇದನ್ನು ಅವರು ಕೇಳುವ ಮುಂಚೆಯೇ ಯೋಚನೆ ಮಾಡಿ.

ಇನ್ನೊಂದು ವಿಷಯ. ಮೇಷ್ಟ್ರ ಸೈಕಲ್ಲಿನ ಗೇರ್ ಯಾವುದು? ನಾನು ಚಾಮುಂಡಿ ಬೆಟ್ಟದಲ್ಲಿ ಎರಡು ವರ್ಷ ಒದ್ದಾಡಿದೆ, ಮಂಡಿ ನೋವು ಬಂತು. ಹಿಂದೆ 11–28 ಕ್ಯಾಸೆಟ್ ಇತ್ತು, ಅಂದರೆ ಹಿಂಚಕ್ರದ ಗೇರ್ ಗೊಂಚಲಿನಲ್ಲಿ ಸಣ್ಣದಕ್ಕೆ 11 ಹಲ್ಲು, ದೊಡ್ಡದಕ್ಕೆ 28. 11–34 ಹಾಕಿಸಿದೆ. ಮುಂದೆ 34 ಹಲ್ಲು, ಹಿಂದೆ 28 ಇದ್ದರೆ, ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗಿಸಲು ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ ಹತ್ತಬೇಕು. ಹಿಂದೆ 34 ಇದ್ದರೆ ಏಳೂವರೆ ಸಾಕು. ಆ ಒಂದೂವರೆ ಕಿಲೋಮೀಟರ್ ವ್ಯತ್ಯಾಸ ಮಂಡಿಗೆ ಗೊತ್ತಾಗುತ್ತದೆ. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಅಷ್ಟು ದೊಡ್ಡ ಗೇರನ್ನು ತಗೊಳ್ಳುತ್ತಾ ಅಂತ ಅಂಗಡಿಯಲ್ಲಿ ಮೊದಲು ಕೇಳಿ. ಕೆಲವು ತಗೊಳ್ಳಲ್ಲ.

ಗೋಳಗುಮ್ಮಟ_ಗಾಳಿ (ವಿಜಯಪುರ), ಮಂಗಳವಾರ ರಾತ್ರಿ 8:45

ನಮಸ್ಕಾರ್ರೀ. ನಮ್ಮ ಕಡೆ ಬೆಟ್ಟ ಇಲ್ಲ, ಗಾಳಿ ಭಾಳ. ಗಾಳಿಯೇ ನಮ್ಮ ಬೆಟ್ಟ. ಸೈಕಲ್ ಅಂದರೆ ನಮ್ಮ ಜಿಲ್ಲೆಯಲ್ಲಿ, ಬಾಗಲಕೋಟೆಯಲ್ಲಿ ಭಾಳ ಅಭಿಮಾನ. ಸಣ್ಣ ಸಣ್ಣ ಊರಿನ ಹುಡುಗರು, ಹುಡುಗಿಯರು ಕ್ರೀಡಾ ನಿಲಯದಲ್ಲಿದ್ದು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ನಾನು ಅಷ್ಟು ದೊಡ್ಡವನಲ್ಲ, ಅವರ ಹಿಂದೆ ತುಳಿದು ಕಲಿತವನು. ಆ ಕಲಿತದ್ದನ್ನು ಹೇಳುತ್ತೇನೆ.

ನಿಧಾನದವರನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. ಅದೇ ತಪ್ಪು. ಅವರನ್ನು ಎರಡನೇ ಜಾಗದಲ್ಲಿ ಇಡಬೇಕು.

ಯಾಕೆ ಅಂದರೆ ನೋಡ್ರಿ. ಸಮತಟ್ಟು ರಸ್ತೆಯಲ್ಲಿ ಜೋರಾಗಿ ಹೋಗುವಾಗ ನಮ್ಮ ಶಕ್ತಿಯಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಚಕ್ರದ ಹಿಂದೆ ಹತ್ತಿರ ಕೂತವರಿಗೆ ಕಾಲು ಭಾಗದಷ್ಟಾದರೂ ಶ್ರಮ ಉಳಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಮುಂದಿನವನು ಒಂದು ಹಂಪ್ ದಾಟಿ ಸ್ವಲ್ಪ ವೇಗ ಹೆಚ್ಚಿಸಿದರೆ, ಎರಡನೆಯವನು ಅದಕ್ಕಿಂತ ಸ್ವಲ್ಪ ಹೆಚ್ಚು ತುಳಿದು ಹಿಡಿಯಬೇಕು, ಮೂರನೆಯವನು ಇನ್ನೂ ಹೆಚ್ಚು. ಆರನೆಯವನು ಜೀವ ಬಿಟ್ಟು ತುಳಿದರೆ ಮಾತ್ರ ಸೇರುತ್ತಾನೆ. ರೈಲಿನ ಕೊನೆಯ ಬೋಗಿ ಹ್ಯಾಗೆ ಜಗ್ಗುತ್ತದೋ ಹಾಗೆ. ಪ್ರತಿ ಹಂಪಿನಲ್ಲೂ ಹೀಗಾದರೆ ಹತ್ತು ಕಿ.ಮೀ.ಯಲ್ಲಿ ಕಾಲು ಸೋಲುತ್ತದೆ. ಒಮ್ಮೆ ಎರಡು ಸೈಕಲ್ಲಿನಷ್ಟು ಅಂತರ ಬಿತ್ತೆಂದರೆ ಗಾಳಿಯ ಆಸರೆಯೂ ಹೋಯ್ತು.

ಎರಡನೇ ಜಾಗದಲ್ಲಿದ್ದರೆ ಜಗ್ಗಾಟ ಕಡಿಮೆ. ಮುಂದೆ ಇರುವವನಿಗೆ ಹಿಂದಿನವರ ಉಸಿರು ಕೇಳಿಸುತ್ತದೆ. ಅವರು "ನಿಧಾನ" ಅಂದರೆ ಕೇಳಿಸುತ್ತದೆ. ಮುಂದೆ ಗಟ್ಟಿಯವರು ಇಬ್ಬರು ಸರದಿ ಮೇಲೆ ಗಾಳಿ ಹೊಡೆಸಿಕೊಳ್ಳಲಿ, ಎರಡೆರಡು ನಿಮಿಷ. ಮುಂದಿನವನು ಸರಿದು ಹಿಂದೆ ಹೋದಾಗ ನಿಧಾನದವರು ಮುಂದಕ್ಕೆ ಬರಬಾರದು. ಎರಡನೇ ಗಟ್ಟಿಯವನು ಪಕ್ಕದಿಂದ ಬಂದು ಅವರ ಮುಂದೆ ಸೇರಿಕೊಳ್ಳಬೇಕು. @ನೂರುಕಿಮೀ ಅವರೇ, ನಿಮ್ಮ ತಯಾರಿಗೂ ಇದು ಆಗುತ್ತದೆ. ಐದು ಜನರಿಗೆ ಗಾಳಿ ಮರೆ ಮಾಡಿ ಒಂದು ಗಂಟೆ ತುಳಿದು ನೋಡ್ರಿ, ಬೆವರು ಬರ್ತದೋ ಇಲ್ಲೋ.

ಒಂದು ಎಚ್ಚರಿಕೆ. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಹೋಗಬಾರದು. ಅವರು ಗುಂಡಿ ತಪ್ಪಿಸಲು ಸರಿದರೆ ಚಕ್ರಕ್ಕೆ ಚಕ್ರ ತಾಗುತ್ತದೆ, ಬೀಳುವವರು ಹಿಂದಿನವರೇ. ಹೊಸಬರು ಒಂದು ಮೀಟರ್ ಬಿಟ್ಟೇ ಹೋಗಲಿ. ಮುಂದಿನವರು ಗುಂಡಿಗೆ ಕೈ ತೋರಿಸಬೇಕು, ಬಾಯಿಂದಲೂ ಕೂಗಬೇಕು. ಮಾತಾಡದೆ ಬ್ರೇಕ್ ಹಿಡಿಯಬಾರದು.

ನೂರುಕಿಮೀ, ಮಂಗಳವಾರ ರಾತ್ರಿ 9:15

ಎರಡನೇ ಜಾಗದ ವಿಷಯ ನಾನು ಯೋಚನೆಯೇ ಮಾಡಿರಲಿಲ್ಲ ಸರ್. ಧನ್ಯವಾದ. ನಾನು ಯಾವಾಗಲೂ ಮುಂದೆ ಇರುತ್ತಿದ್ದೆ. ಹಂಪ್ ದಾಟಿದ ಮೇಲೆ ಎದ್ದು ನಿಂತು ತುಳಿಯುವುದು ನನ್ನ ಅಭ್ಯಾಸ. ಹಿಂದಿನವರಿಗೆ ಅದು ಹೀಗೆ ತಟ್ಟುತ್ತದೆ ಅಂತ ಗೊತ್ತಿರಲಿಲ್ಲ.

ಸ್ಪ್ಯಾನರ್_ಹದಿನೈದು (ತುಮಕೂರು), ಬುಧವಾರ ಬೆಳಿಗ್ಗೆ 11:00

ನಾನು ಸೈಕಲ್ ಅಂಗಡಿಯವನು. ಪಂಕ್ಚರ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಮೇಷ್ಟ್ರಿಗೆ ಆಗಿದ್ದು ನನ್ನ ಅಂಗಡಿಗೆ ವಾರಕ್ಕೆ ಇಬ್ಬರು ಬಂದು ಹೇಳುವ ಕಥೆ.

ಟ್ಯೂಬ್ ತೆಗೆದ ಮೇಲೆ ಹೊಸದನ್ನು ಹಾಕಬೇಡಿ. ಮೊದಲು ಹಳೆ ಟ್ಯೂಬಿಗೆ ಸ್ವಲ್ಪ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ. ವಾಲ್ವಿನಿಂದ ತೂತಿಗೆ ಎಷ್ಟು ದೂರ ಅಂತ ಅಳೆದು, ಟೈರಿನಲ್ಲಿ ಅದೇ ಜಾಗ ಹುಡುಕಿ. ಟೈರ್ ಕಳಚುವಾಗ ಟ್ಯೂಬ್ ಯಾವ ದಿಕ್ಕಿಗಿತ್ತು ಅಂತ ನೆನಪಿಟ್ಟುಕೊಂಡರೆ ಕೆಲಸ ಸುಲಭ. ಆಮೇಲೆ ಟೈರಿನ ಒಳಗೆ ಪೂರ್ತಿ ಸುತ್ತು ಬಟ್ಟೆ ಆಡಿಸಿ. ಬರೀ ಬೆರಳು ಬೇಡ, ತಂತಿಚೂರು ಇದ್ದರೆ ಕೊಯ್ಯುತ್ತದೆ. ಹಳೆ ಬನಿಯನ್ ತುಂಡು ಒಳ್ಳೇದು. ಮುಳ್ಳಿನ ತುದಿ ಇದ್ದ ಕಡೆ ನೂಲು ಸಿಕ್ಕಿಕೊಂಡು ನಿಲ್ಲುತ್ತದೆ. ಜಾಲಿಮುಳ್ಳು ಹೊರಗೆ ಮುರಿದು ಹೋಗಿರುತ್ತದೆ, ಒಳಗೆ ಸಾಸಿವೆಯಷ್ಟು ಮಾತ್ರ ಚುಚ್ಚಿಕೊಂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗಾಳಿ ತುಂಬಿ ಟೈರ್ ಬಿಗಿಯಾದಾಗ ಟ್ಯೂಬಿನ ಕಡೆಗೆ ತಲೆ ಹಾಕುತ್ತದೆ.

ವಾಲ್ವ್ ವಿಷಯ. ರೋಡ್ ಸೈಕಲ್ಲಿನ ಸಣ್ಣ ವಾಲ್ವಿಗೆ ಪ್ರೆಸ್ಟಾ ಅಂತಾರೆ. ಹಳ್ಳಿ ಅಂಗಡಿಯ ಕಂಪ್ರೆಸರ್ ಕಾರು, ಬೈಕಿನ ವಾಲ್ವಿಗೆ ಮಾತ್ರ ಹೊಂದುತ್ತದೆ. ಕಿರುಬೆರಳ ಉಗುರಿನಷ್ಟು ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ. ಪ್ರೆಸ್ಟಾದ ತಲೆ ಸಡಿಲ ಮಾಡಿ, ಅದರ ಮೇಲೆ ತಿರುಗಿಸಿದರೆ ಸಾಕು, ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹೊಡೆಸಬಹುದು. ಅದನ್ನು ವಾಲ್ವ್ ಮೇಲೇ ಖಾಯಂ ಹಾಕಿ ಬಿಡಿ, ಬ್ಯಾಗಿನಲ್ಲಿ ಕಳೆದುಹೋಗುತ್ತದೆ. ಕಂಪ್ರೆಸರ್‌ನಲ್ಲಿ ಮಾತ್ರ ನಿಧಾನ. ಲಾರಿ ಟೈರಿಗೆ ಹೊಡೆಯುವ ಹಾಗೆ ಹೊಡೆದರೆ ನಿಮ್ಮ ಟ್ಯೂಬ್ ಸಿಡಿಯುತ್ತದೆ.

ಗಾಳಿ ಜಾಸ್ತಿ ಇದ್ದಷ್ಟೂ ವೇಗ ಅನ್ನುವುದೂ ತಪ್ಪು. 28 ಮಿ.ಮೀ. ಅಗಲದ ಟೈರಿಗೆ, 70 ಕೆ.ಜಿ. ತೂಕದವರಿಗೆ 70 ಪಿಎಸ್‌ಐ ಆಸುಪಾಸು ಸಾಕು. ನಮ್ಮ ರಸ್ತೆಗೆ 110 ಹೊಡೆದರೆ ಸೈಕಲ್ ಕುಣಿಯುತ್ತದೆ, ಕೈ ಜೋಮು ಹಿಡಿಯುತ್ತದೆ.

ಟೈರೇ ಸೀಳಿದ್ದರೆ, ಹತ್ತು ರೂಪಾಯಿ ನೋಟು ಮಡಚಿ ಸೀಳಿನ ಒಳಗಡೆ ಇಟ್ಟು ಟ್ಯೂಬ್ ಹಾಕಿ, ಗಾಳಿ ಕಡಿಮೆ ಹೊಡೆಯಿರಿ. ಮನೆ ತಲುಪಬಹುದು.

ಕಣದಮಗ (ಚಾಮರಾಜನಗರ), ಬುಧವಾರ ಸಂಜೆ 6:30

ಸದ್ಯ ಇದು ಒಕ್ಕಣೆ ಕಾಲ ಅಲ್ವಾ, ಅದಕ್ಕೇ ಒಂದು ವಿಷಯ ಹೇಳಬೇಕು. ನಮ್ಮ ಕಡೆ, ಮಂಡ್ಯ, ಮೈಸೂರು ಕಡೆ ಎಲ್ಲ ಈಗ ರಾಗಿ, ಹುರುಳಿ ರಸ್ತೆ ಮೇಲೆ ಹರಡಿರುತ್ತಾರೆ. ಗಾಡಿ ಓಡಾಡಿ ಕಾಳು ಉದುರಲಿ ಅಂತ.

ರೋಡ್ ಸೈಕಲ್ಲಿನವರಿಗೆ ಹುರುಳಿ ಬಹಳ ಕೆಟ್ಟದ್ದು. ರಾಗಿ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಅಷ್ಟೇ. ಹುರುಳಿ ಬಳ್ಳಿ ಹಗ್ಗದ ಹಾಗೆ. ಒಣಗಿದ್ದರೂ ತುಂಡಾಗುವುದಿಲ್ಲ. ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಗೇರಿನ ಸಣ್ಣ ಗಾಲಿಗಳ ಮಧ್ಯೆ ಎಳೆದುಕೊಂಡು, ಡಿರೇಲರನ್ನೇ ಕಡ್ಡಿಗಳ ಒಳಗೆ ಎಳೆಯುತ್ತದೆ. ಹೋದ ವರ್ಷ ನನ್ನ ಸ್ನೇಹಿತನಿಗೆ ಹಾಗೇ ಆಯ್ತು. "ಕಟಕ್" ಅಂತ ಒಂದೇ ಸದ್ದು. ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಮುರಿದು ಡಿರೇಲರ್ ಚೈನಿನಲ್ಲಿ ನೇತಾಡುತ್ತಿತ್ತು. ಅದನ್ನು ಬಿಡಿಸಲು ಪಕ್ಕದ ಹೊಲದ ಅಜ್ಜಿ ಕುಡುಗೋಲು ತಂದುಕೊಟ್ಟರು. ಬಳ್ಳಿಯನ್ನು ಒಂದೊಂದೇ ಎಳೆ ಕೊಯ್ದು ತೆಗೆಯಬೇಕಾಯಿತು, ಹತ್ತಿಪ್ಪತ್ತು ನಿಮಿಷ.

ಹುರುಳಿ ಕಂಡರೆ ಇಳಿದುಬಿಡಿ. ಸೈಕಲ್ ಎತ್ತಿಕೊಂಡು ದಾಟಿ. ಪಕ್ಕದಲ್ಲಿ ಸರಿದು ಹೋಗೋಣ ಅಂತ ಅಂಚಿಗೆ ಹೋದರೆ ಅಲ್ಲಿ ಕಲ್ಲು ಇಟ್ಟಿರುತ್ತಾರೆ.

ರೈತರ ಮೇಲೆ ಕೂಗಾಡಬೇಡಿ. ನಮ್ಮ ಅಪ್ಪನ ಕಾಲದಲ್ಲಿ ಮನೆಗೊಂದು ಕಣ ಇತ್ತು. ಸಗಣಿ ಸಾರಿಸಿ, ಗುಂಡು ಎಳೆದು ಒಕ್ಕುತ್ತಿದ್ದರು. ಈಗ ಎತ್ತಿಲ್ಲ, ಆಳಿಲ್ಲ, ಕಣ ಮಾಡಲು ಜಾಗವೂ ಇಲ್ಲ. ರಸ್ತೆ ಮೇಲೆ ಹಾಕುವುದು ಅಪಾಯ, ಒಪ್ಪುತ್ತೇನೆ. ಎಷ್ಟೋ ಬೈಕಿನವರು ಬಿದ್ದಿದ್ದಾರೆ. ಆದರೂ ನಾವು ಭಾನುವಾರ ಒಂದು ಗಂಟೆ ಹೋಗುವ ರಸ್ತೆ ಅದು, ಅವರಿಗೆ ವರ್ಷದ ಕಾಳು. ಇಳಿದು ನಡೆದು "ಏನಣ್ಣ, ಎಷ್ಟು ಮೂಟೆ ಆಯ್ತು" ಅಂತ ಕೇಳಿದರೆ ಅವರೇ ದಾರಿ ಮಾಡಿ ಕೊಡುತ್ತಾರೆ.

ಪಾಂಡವಪುರ ಕಡೆ ಹೋಗುವವರು ಕಬ್ಬಿನ ಟ್ರ್ಯಾಕ್ಟರ್ ನೋಡಿಕೊಳ್ಳಿ. ಎರಡೆರಡು ಟ್ರೈಲರ್ ಇರುತ್ತವೆ, ಕಬ್ಬು ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಮೊದಲನೇ ಟ್ರೈಲರ್ ದಾಟಿತು ಅಂತ ರಸ್ತೆಗೆ ಬರಬೇಡಿ, ಎರಡನೆಯದು ವಾಲುತ್ತಾ ಬರುತ್ತದೆ. ನಾಲೆ ಪಕ್ಕದ ರಸ್ತೆಯಲ್ಲಂತೂ ಇಬ್ಬರು ಸಾಲಾಗಿ ಮಾತಾಡುತ್ತಾ ಹೋಗುವುದು ಬೇಡವೇ ಬೇಡ. ತಡೆಗೋಡೆ ಇಲ್ಲದ ಕಡೆ ಜಾಸ್ತಿ.

ಹೆಬ್ಬಾಳ_ಐದುಗಂಟೆ, ಬುಧವಾರ ರಾತ್ರಿ 9:40

ಹುರುಳಿ ವಿಷಯ ನೂರಕ್ಕೆ ನೂರು ನಿಜ. ನಾನು ಈಗ ಸ್ಪೇರ್ ಹ್ಯಾಂಗರ್ ಸೀಟ್ ಬ್ಯಾಗಿನಲ್ಲೇ ಇಡ್ತೀನಿ. ಪ್ರತಿ ಸೈಕಲ್ಲಿಗೂ ಅದು ಬೇರೆ ಬೇರೆ, ನಿಮ್ಮ ಮಾಡೆಲ್ಲಿನದ್ದೇ ತಗೋಬೇಕು.

ಓಆರ್‌ಎಸ್_ಗೆಳೆಯ (ಮೈಸೂರು), ಗುರುವಾರ ಬೆಳಿಗ್ಗೆ 7:15

ನಾನು ಚಾಮುಂಡಿಪಾದ ಅವರ ಗುಂಪಿನವನೇ, ಮೆಡಿಕಲ್ ಸ್ಟೋರಿನವನು. ಮೊದಲು ಜೋರು ಮಾಡಿದ್ದು ನಾನು. ಇಲ್ಲಿ ಹೇಳಲೇಬೇಕು ಅನ್ನಿಸಿತು.

ಇನ್ನೊಂದು ಸಣ್ಣ ವಿಷಯ. ಸೈಕಲ್ಲಿನವರು ನನ್ನ ಅಂಗಡಿಗೆ ಬಂದು ಓಆರ್‌ಎಸ್ ತಗೋತಾರೆ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ಬಿಪಿ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ. ಎರಡು ಗಂಟೆಗಿಂತ ಕಡಿಮೆ ರೈಡ್ ಇದ್ದರೆ ನೀರು, ಎರಡು ಯಾಲಕ್ಕಿ ಬಾಳೆ, ಒಂದು ಕಡಲೆಕಾಯಿ ಚಿಕ್ಕಿ ಸಾಕು.

ತ್ರಿಣ್‌ತ್ರಿಣ್_ಅಕ್ಕ, ಗುರುವಾರ ಬೆಳಿಗ್ಗೆ 9:00

ಮೇಷ್ಟ್ರ ಮನೆಗೆ ಹೋದಿರಾ?

ಚಾಮುಂಡಿಪಾದ, ಗುರುವಾರ ರಾತ್ರಿ 10:30

ಹೋಗಿದ್ದೆವು ಅಕ್ಕ. ಇವತ್ತು ಸಂಜೆ ನಾನು, ಮೆಡಿಕಲ್ ಸ್ಟೋರಿನ ಸ್ನೇಹಿತ ಇಬ್ಬರೂ.

ಮೇಷ್ಟ್ರು ಟ್ಯೂಷನ್ ಮುಗಿಸಿ ಕೂತಿದ್ದರು. ಕಾಫಿ ಬಂತು. ಹತ್ತು ನಿಮಿಷ ಆ ಮಾತು ಈ ಮಾತು ಆಯ್ತು. ಸೈಕಲ್ ಹಜಾರದ ಗೋಡೆಗೆ ಒರಗಿತ್ತು. ಹಿಂದಿನ ಚಕ್ರದಲ್ಲಿ ಇನ್ನೂ ಗಾಳಿ ಇರಲಿಲ್ಲ. ಎರಡು ವಾರದಿಂದ ಹಾಗೇ ಇಟ್ಟಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಯ್ತು. ನನಗೆ ಮಾತು ಹೊರಡಲಿಲ್ಲ. ಸ್ನೇಹಿತನೇ "ತಪ್ಪಾಯ್ತು ಸಾರ್" ಅಂದ.

ಅವರು ಬೈಯಲಿಲ್ಲ. ಹೇಳಿದ್ದು ಇಷ್ಟು. "ಪಂಕ್ಚರ್ ಆಗಿದ್ದಕ್ಕೆ ನನಗೆ ಬೇಜಾರಿಲ್ಲ. ಗೂಡ್ಸ್ ಆಟೋದಲ್ಲಿ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಫೋನಿಗೆ ನೆಟ್‌ವರ್ಕ್ ಬಂತು. ಮೊದಲು ಬಂದಿದ್ದು ನಿಮ್ಮ ಫೋಟೋ. ಕಲ್ಯಾಣಿ ಮೆಟ್ಟಿಲ ಮೇಲೆ ಐದು ಜನ. ಕೆಳಗೆ 'ನಮ್ಮ ಗ್ಯಾಂಗ್' ಅಂತ ಬರೆದಿದ್ರಿ."

ಆ ಸಾಲು ಬರೆದಿದ್ದು ನಾನು.

ಆಮೇಲೆ ಮೂರೂ ಜನ ಸೇರಿ ಟೈರ್ ಬಿಚ್ಚಿದೆವು. @ಸ್ಪ್ಯಾನರ್_ಹದಿನೈದು ಅವರು ಹೇಳಿದ ಹಾಗೆ ಬಟ್ಟೆ ಆಡಿಸಿದೆವು. ಎರಡನೇ ಸುತ್ತಿಗೆ ನೂಲು ಸಿಕ್ಕಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಮನೆಯವರ ಹತ್ತಿರ ಹುಬ್ಬು ಕೀಳುವ ಚಿಮಟ ಈಸಿಕೊಂಡು ಮುಳ್ಳು ತೆಗೆದರು. ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನಿಜವಾಗಿಯೂ ಸಾಸಿವೆಯಷ್ಟೇ ಇತ್ತು. ಗೇರ್ ನೋಡಿದೆ, ಹಿಂದೆ 11–28. ಬದಲಾಯಿಸುವ ಬಗ್ಗೆ ಹೇಳಿದ್ದೇನೆ.

ಈ ಭಾನುವಾರ ಕರಿಘಟ್ಟಕ್ಕೆ ಅಂತ ಮಾತಾಯ್ತು. ಬರುತ್ತೀನಿ ಅಂತ ಅವರು ಹೇಳಲಿಲ್ಲ, ಬರಲ್ಲ ಅಂತಲೂ ಹೇಳಲಿಲ್ಲ.

ಗೋಳಗುಮ್ಮಟ_ಗಾಳಿ, ಶುಕ್ರವಾರ ಬೆಳಿಗ್ಗೆ 6:00

ಒಳ್ಳೇದಾಯ್ತು. ಭಾನುವಾರ ಏನಾಯ್ತು ಅಂತ ಬರೀರಿ, ಕಾಯ್ತಿರ್ತೀವಿ.

ನೂರುಕಿಮೀ, ಶುಕ್ರವಾರ ಬೆಳಿಗ್ಗೆ 6:40

ಕರಿಘಟ್ಟ ಅಂದರೆ ನನಗೂ ಹತ್ತಿರ. ನೀವು ಒಪ್ಪಿದರೆ ನಾನೂ ಬರಬಹುದಾ? ಮುಂದೆ ಗಾಳಿ ಹೊಡೆಸಿಕೊಳ್ಳುವ ಕೆಲಸ ನನಗೆ ಕೊಡಿ. ಒಂಬತ್ತೂವರೆಗೆ ವಾಪಸ್ ಆದರೆ ಸಾಕು.

ಚಾಮುಂಡಿಪಾದ, ಭಾನುವಾರ ಮಧ್ಯಾಹ್ನ 12:10

ಈಗ ತಾನೇ ಊಟ ಮುಗಿಸಿ ಕೂತೆ.

ಐದೂ ಐವತ್ತಕ್ಕೆ ಮೇಷ್ಟ್ರು ಬಂದರು. ಸೀಟ್ ಬ್ಯಾಗಿನಲ್ಲಿ ಎರಡು ಟ್ಯೂಬ್, ಎರಡೂ ವಾಲ್ವಿಗೆ ಹಿತ್ತಾಳೆ ಅಡಾಪ್ಟರ್. ನೂರುಕಿಮೀ ಅವರೂ ಸೇರಿದ್ದರಿಂದ ಏಳು ಜನ ಆದೆವು. ಬೆಂಗಳೂರು ಹೈವೇಯ ಮುಖ್ಯ ದಾರಿಗೆ 2023ರ ಆಗಸ್ಟಿನಿಂದ ಬೈಕು, ಆಟೋಗಳನ್ನೇ ಬಿಡುವುದಿಲ್ಲ, ಸೈಕಲ್ ದೂರದ ಮಾತು. ಸರ್ವಿಸ್ ರಸ್ತೆ ಹಿಡಿದು ಹೊರಟೆವು. ದಟ್ಟ ಮಂಜು. ಎಲ್ಲರ ಹಿಂದೆಯೂ ಕೆಂಪು ಲೈಟ್ ಮಿನುಗುತ್ತಿತ್ತು. ನೂರುಕಿಮೀ ಮುಂದೆ, ಮೇಷ್ಟ್ರು ಎರಡನೇ ಜಾಗ, ಕೊನೆಯಲ್ಲಿ ಮೆಡಿಕಲ್ ಸ್ಟೋರಿನ ಸ್ನೇಹಿತ. ಬಾಲದ ಕೆಲಸ ಅವನೇ ಕೇಳಿ ತಗೊಂಡ.

ಮೊದಲ ಎರಡು ಮೂರು ಕಿ.ಮೀ. ಹೊಂದಾಣಿಕೆ ಆಗಲಿಲ್ಲ. ಮುಂದಿನವರು ಹಂಪ್ ದಾಟಿ ಜೋರು ಮಾಡಿಬಿಡುತ್ತಿದ್ದರು. ಮೇಷ್ಟ್ರು ಮೊದಲು ಕೂಗಲು ಸಂಕೋಚ ಪಟ್ಟರು. ಮೂರನೇ ಹಂಪಿಗೆ ಕ್ಲಾಸಿನಲ್ಲಿ ಕೂಗುವ ಹಾಗೆ "ನಿಧಾನ!" ಅಂದರು. ಆಮೇಲೆ ಸರಿಹೋಯ್ತು. ಗಂಟೆಗೆ 23–24 ಕಿ.ಮೀ. ವೇಗದಲ್ಲಿ ಶ್ರೀರಂಗಪಟ್ಟಣದವರೆಗೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಹೋದೆವು. ಮೇಷ್ಟ್ರು ಒಬ್ಬರೇ ಹೋದರೆ 20ರ ಮೇಲೆ ಹೋಗುವುದು ನಾನು ನೋಡಿಲ್ಲ.

1804ರ ವೆಲ್ಲೆಸ್ಲಿ ಸೇತುವೆ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ಪೂರ್ಣಯ್ಯನವರ ಕಾಲದ ಕಲ್ಲುಕಂಬಗಳ ಕೆಳಗೆ ಕಾವೇರಿ, ನೀರಿನ ಮೇಲೆ ಹೊಗೆಯ ಹಾಗೆ ಮಂಜು. ಕರಿಘಟ್ಟದ ಏರಿನಲ್ಲಿ ಎಲ್ಲರೂ ಅವರವರ ಪಾಡಿಗೆ. ಮೇಲೆ ಹೋಗಿ ದೇವಸ್ಥಾನದ ಹತ್ತಿರ ಸೈಕಲ್ ನಿಲ್ಲಿಸಿ, ಯಾರೂ ಹೇಳದೆ ಎಲ್ಲರೂ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೆವು. ಏಳೆಂಟು ನಿಮಿಷ ಆದಮೇಲೆ ತಿರುವಿನಲ್ಲಿ ಮೇಷ್ಟ್ರ ಹಳದಿ ಜಾಕೆಟ್ ಕಂಡಿತು, ಅವರ ಹಿಂದೆ ಮೆಡಿಕಲ್ ಸ್ಟೋರಿನವನು. ಒಂದು ಕಡೆ ಇಳಿದು ನೂಕಿದೆ ಅಂತ ಹೇಳಿದರು. 28ರಲ್ಲಿ ಆಗಲ್ಲ, 34 ಹಾಕಿಸಲೇಬೇಕು ಅಂತ ಅವರೇ ಅಂದರು.

ಅಲ್ಲಿ ಫೋಟೋ ತೆಗೆಯಲು ನಾನು ಫೋನ್ ಹೊರಗೆ ತೆಗೆಯಲಿಲ್ಲ. ಯಾಕೋ ಕೈ ಬರಲಿಲ್ಲ. ಮೇಷ್ಟ್ರೇ ತಮ್ಮ ಫೋನನ್ನು ಅಲ್ಲಿದ್ದ ಹುಡುಗನ ಕೈಗೆ ಕೊಟ್ಟು ಎಲ್ಲರನ್ನೂ ನಿಲ್ಲಿಸಿದರು. ನಿಲ್ಲಿಸುವ ಮುಂಚೆ ಬೆರಳು ಮಡಚಿ ಎಣಿಸಿದರು.

@ಸ್ಪ್ಯಾನರ್_ಹದಿನೈದು, ಅವರ ಡಿರೇಲರ್ ಸೋರಾ, ಒಂಬತ್ತು ಸ್ಪೀಡ್, ಉದ್ದ ಕೇಜಿನದ್ದು. 11–34 ತಗೊಳ್ಳುತ್ತಾ ಅಂತ ಹೇಳಿ ಸರ್. ಚೈನೂ ಬದಲಾಯಿಸಬೇಕಾ? ಮುಂದಿನ ಭಾನುವಾರದೊಳಗೆ ಹಾಕಿಸಬೇಕು.